ನಿಲ್ಲದ ಚುಕ್ಕಿಗಳು

“ಡೊಳ್ಳು ನಿಲ್ಲಿಸಿದ ಮ್ಯಾಲೂ ಯಾಕ ಚುಕ್ಕಿ ಇಡಾಕತ್ತೀಯೋ ಕುರುಮಯ್ಯ?” ಡ್ರಾಯಿಂಗ್ ಮಾಸ್ತರ್ ಗುರುಬಸಪ್ಪ ನಗುತ್ತಲೇ ಕೇಳಿದರು. ತಾವು ಬಾರಿಸುವ ಡೊಳ್ಳಿನ ಪೆಟ್ಟು ಮೆಲ್ಲಗಾದರೆ ಸಣ್ಣ ಚುಕ್ಕಿ, ಜೋರಾದರೆ ದೊಡ್ಡದು ಎಂದು ಕಲಿಸಿದವರು ಅವರೇ. ನಾರಾಯಣಪೇಟೆ ಸೀರೆಯ ಅಂಚಿಗೆ ಒಪ್ಪುವ ಎಷ್ಟೋ ಸಾಲುಗಳು ಆ ತರಗತಿಯಲ್ಲಿ ಹಾಗೇ ಹುಟ್ಟಿದ್ದವು.

ಬೀರಪ್ಪ ದೇವರ ಡೊಳ್ಳು ಬಾರಿಸುವವರ ಮನೆಯ ಹುಡುಗ ತಲೆ ಎತ್ತಲಿಲ್ಲ. “ನೀವು ನಿಲ್ಲಿಸಿದ್ರಿ ಮಾಸ್ತರ್ರ, ಸಪ್ಪಳ ನಿಂತಿಲ್ರಿ.”

ಮಾಸ್ತರ್ ಬಗ್ಗಿ ನೋಡಿದರು. ಸಾಸಿವೆಯಷ್ಟಿದ್ದ ಚುಕ್ಕಿಗಳು ನಾಲ್ಕು ನಾಲ್ಕಾಗಿ ಹಿಗ್ಗುತ್ತ ಬಂದಿದ್ದವು. ಕುದುರೆಯ ಗೊರಸಿನ ಸಪ್ಪಳ! ಉರ್ದು ಬಿಟ್ಟು ಕನ್ನಡ ಕಲಿಸಿದರೆಂದು ಹೋದ ವಾರ ಪಕ್ಕದ ತರಗತಿಯ ಮಾಸ್ತರರನ್ನು ಎಳೆದೊಯ್ದ ಸರ್ಕಾರಿ ಸವಾರರು ಮತ್ತೆ ಬರುತ್ತಿದ್ದರು.

ಕುರುಮಯ್ಯ ಕೊನೆಯ ಚುಕ್ಕಿಯನ್ನು ಅಂಗೈಯಷ್ಟು ದೊಡ್ಡದು ಮಾಡಿ, ಕುಂಚ ಕೆಳಗಿಟ್ಟು ಬಾಗಿಲ ಕಡೆ ನೋಡಿದ.

“ಈಗ ನಿಂತೈತ್ರಿ.”