ಪೀಠ ಹತ್ತದ ಪ್ರಸಂಗ

ಮೂವತ್ತು ವರ್ಷ ದೈವಜ್ಞಾನ ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸಿ ಪಾದ್ರಿಗಳನ್ನು ತಯಾರು ಮಾಡಿದ್ದ ಆಕೆ, ನಿವೃತ್ತಿಯ ಭಾನುವಾರ ಚರ್ಚಿನಲ್ಲಿ ಬೋಧನೆಯ ಪೀಠ ಹತ್ತಿ ತಾವೇ ಪ್ರಸಂಗ ಮಾಡಲು ಬಿಷಪರ ಅನುಮತಿ ಕೇಳಿದರು.

"ಹೆಂಗಸರು ಪೀಠ ಹತ್ತೋ ಪದ್ಧತಿ ನಮ್ಮಲ್ಲಿಲ್ಲ ಮೇಡಂ," ಎಂದರು ಬಿಷಪರು.

"ಹತ್ತಿದವರಿಗೆಲ್ಲ ಪಾಠ ಹೇಳಿದ್ದು ನಾನೇ ಅಲ್ವಾ ಅಯ್ಯನವರೇ?"

"ಅದು ಬೇರೆ. ಬೇಕಾದ್ರೆ ಕೆಳಗೆ ನಿಂತು ನಾಲ್ಕು ಮಾತಾಡಿ."

"ಕೆಳಗೆ ಎಲ್ಲಿ?"

"ಎಲ್ಲಾದ್ರೂ ನಿಂತ್ಕೊಳ್ಳಿ."

ಭಾನುವಾರ ಬಿಷಪರು ಪೀಠದ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕೂತು ಆಕೆಯ ಹೆಸರು ಕರೆದರು. ಆಕೆ ಮುಂದೆ ಬರಲಿಲ್ಲ. ಹಿಂಬಾಗಿಲ ಬಳಿ, ಹೆಂಗಸರ ಕೊನೆಯ ಬೆಂಚಿನ ಹಿಂದೆ ನಿಂತು ಬೈಬಲ್ ತೆರೆದರು.

ಮುಂದಿನ ಸಾಲಿನಲ್ಲಿದ್ದ ಶಿಷ್ಯ ಪಾದ್ರಿಗಳೇ ಮೊದಲು ಎದ್ದು ತಿರುಗಿದರು; ಅವರನ್ನು ನೋಡಿ ಇಡೀ ಸಭೆ ಬಿಷಪರಿಗೆ ಬೆನ್ನು ಹಾಕಿ ನಿಂತಿತು.