ತೊಳೆದರೆ ಹೋಗುವ ಗೆರೆ

ಪರದೆಯ ಮೇಲೆ ದೊಡ್ಡ ಗೆರೆಯ ಪಕ್ಕ ಆ ಪುಟ್ಟ ಗೆರೆ ಮತ್ತೆ ಎದ್ದಿತ್ತು. ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೂತು ಔಷಧವನ್ನು ಹೊರಗೆ ತಳ್ಳುವ ಪ್ರೋಟೀನೊಂದನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿದಾಗಲೆಲ್ಲ, ಪ್ರೋಟೀನಿನ ದೊಡ್ಡ ಗೆರೆಯ ಜೊತೆ ಅದೂ ಕಾಣಿಸಿಕೊಳ್ಳುತ್ತಿತ್ತು.

"ಪ್ರೋಟೀನನ್ನ ಇನ್ನೊಂದು ಸಲ ತೊಳಿ. ಕೊಳೆ ಅದು," ಎಂದರು ಪ್ರೊಫೆಸರ್ ಮೇಡಂ.

"ತೊಳೆದೆ ಮೇಡಂ," ಎಂದಳು ವಿದ್ಯಾರ್ಥಿನಿ. "ಗೆರೆ ಹೋಯ್ತು. ಆದ್ರೆ ಪ್ರೋಟೀನ್ ಔಷಧ ತಳ್ಳೋದನ್ನೇ ನಿಲ್ಲಿಸಿಬಿಡ್ತು. ಪೊರೆಯ ಕೊಬ್ಬನ್ನ ಒಂಚೂರು ವಾಪಸ್ ಹಾಕಿದೆ. ಗೆರೆನೂ ಬಂತು, ಕೆಲಸಾನೂ ಶುರುವಾಯ್ತು. ಮೂರು ಸಲ ಮಾಡಿ ನೋಡಿದೀನಿ."

ಅದು ಕೊಳೆಯೆಂದು ಮೇಡಂ ತಮ್ಮ ಪುಸ್ತಕದಲ್ಲೇ ಬರೆದಿದ್ದರು. ಬೈಸಿಕೊಳ್ಳಲು ಅವಳು ಸಿದ್ಧಳಾಗಿಯೇ ನಿಂತಿದ್ದಳು. ಮೇಡಂ ಅವಳು ತಂದಿದ್ದ ಮೂರೂ ಪ್ರಯೋಗಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಎರಡು ಗೆರೆಗಳ ತೂಕದ ವ್ಯತ್ಯಾಸವನ್ನು ತಾವೇ ಪೆನ್ಸಿಲಿನಲ್ಲಿ ಕಳೆದು ನೋಡಿದರು. ಮೂರರಲ್ಲೂ ಒಂದೇ ಉತ್ತರ ಬಂತು. ಅದು ಸರಿಯಾಗಿ, ಪ್ರೋಟೀನಿಗೆ ಅಂಟಿಕೊಂಡ ಒಂದು ಕೊಬ್ಬಿನ ಅಣುವಿನ ತೂಕ.

ಅವರು ಕುರ್ಚಿಗೆ ಒರಗಿದರು. "ನಿನಗಿಂತ ಮುಂಚೆ ಇಲ್ಲಿ ಒಬ್ಬ ಇದ್ದ. ಅವನಿಗೂ ಇದೇ ಗೆರೆ ಬರ್ತಿತ್ತು. ಕೊಳೆ ಅಲ್ಲ ಅಂತಿದ್ದ. 'ನಿನಗೆ ತೊಳೆಯೋಕೂ ಬರಲ್ಲ' ಅಂತ ಅವನನ್ನ ಎಲ್ಲರೆದುರು ಬೈದೆ. ಓದು ಬಿಟ್ಟು ಹೋದ. ಈಗ ಎಲ್ಲೋ ಶಾಲೇಲಿ ಪಾಠ ಮಾಡ್ತಾನಂತೆ."

ಮೇಡಂ ಫೋನು ತೆಗೆದು ಹಳೆಯ ನಂಬರು ಹುಡುಕಿ ಒತ್ತಿದರು. ಆ ಕಡೆಯಿಂದ "ಹಲೋ" ಕೇಳಿಸಿತು.

"ನಾನಪ್ಪ, ನಿಮ್ಮ ಮೇಡಂ," ಎಂದರು. "ಅವತ್ತು ನೀನೇ ಸರಿ. ತಪ್ಪಿದ್ದು ನಾನು."