ಕೊಂಬಿನ ವಾಲ್ವು

“ಮೊದಲು ನೀವೇ ಹೇಳಿ,” ಎಂದರು ಅಧ್ಯಕ್ಷರು, ಮೇಜಿನ ಮೇಲಿದ್ದ ವಾಲ್ವನ್ನು ಮುಟ್ಟದೆ. “ಇದು ಯಾವುದು ಅಂತ ನಿಮಗೆ ಅನ್ನಿಸುತ್ತೆ?”

ಕಾರ್ಯದರ್ಶಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಮುದುಕ ಹೆದರಿದ್ದಾನೆ!

ಸೈಕಲ್ ಅಂಗಡಿಯ ಮಹಡಿಯ ಮೇಲಿನ ಆ ಕೋಣೆಯಲ್ಲಿ ಹಳೆಯ ರೇಡಿಯೋಗಳ ಸಂಘ ಪ್ರತಿ ಭಾನುವಾರ ಬೆಳಿಗ್ಗೆ ಸೇರುತ್ತಿತ್ತು. ಒಂಬತ್ತು ಸದಸ್ಯರು, ಏಳು ಕುರ್ಚಿಗಳು, ಒಂದು ಬೀರು. ಬೀರುವಿನಲ್ಲಿ ಆರುನೂರು ವಾಲ್ವುಗಳು. ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳು. ಅಷ್ಟನ್ನೂ ಕೂಡಿಸಿದ್ದು ಕಾರ್ಯದರ್ಶಿಯ ತಂದೆ. ಸಾಯುವಾಗ ಅವರು ಬೀರುವಿನ ಕೀಲಿಕೈಯನ್ನು ಮಗನಿಗೆ ಕೊಡಲಿಲ್ಲ, ಗೆಳೆಯರಾದ ಅಧ್ಯಕ್ಷರಿಗೆ ಕೊಟ್ಟರು. “ಗುರುತು ತಪ್ಪದವನ ಹತ್ತಿರ ಇರಲಿ” ಎಂದಿದ್ದರಂತೆ. ಹಾಗಾಗಿ ಒಂದೇ ಒಂದು ವಾಲ್ವಿನ ಗುರುತು ತಪ್ಪಿದರೂ ಅಧ್ಯಕ್ಷರು ಕೀಲಿಕೈ ಬಿಡಬೇಕೆಂದು ಸಂಘ ನಿಯಮ ಮಾಡಿತ್ತು. ಆರು ವರ್ಷವಾದರೂ ತಪ್ಪಿರಲಿಲ್ಲ.

“ಅಪ್ಪನ ಒಂದೊಂದು ವಾಲ್ವೂ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅವುಗಳ ಜೊತೆ ಆಡಿ ಬೆಳೆದವನು ನಾನು,” ಎಂದು ಕಾರ್ಯದರ್ಶಿ ಪ್ರತಿ ಭಾನುವಾರವೂ ಹೇಳುತ್ತಿದ್ದ. ಸದಸ್ಯರು ಪ್ರತಿ ಭಾನುವಾರವೂ ಮೊದಲ ಸಲ ಕೇಳಿದವರಂತೆ ತಲೆಯಾಡಿಸುತ್ತಿದ್ದರು. ಬಿಸ್ಕತ್ತು ತರುವವನು ಅವನೇ ಆಗಿದ್ದನಲ್ಲ.

ಅಧ್ಯಕ್ಷರೂ ಕಡಿಮೆಯವರಲ್ಲ. ಬೆನ್ನ ಹಿಂದಿನ ಹೆಸರು ‘ವಿಶ್ವಕೋಶ’. ‘ಗೊತ್ತಿಲ್ಲ’ ಎಂಬ ಮಾತನ್ನು ಅವರ ಬಾಯಿಂದ ಅವರ ಹೆಂಡತಿಯೂ ಕೇಳಿಲ್ಲ. ಯಾವ ವಾಲ್ವು ಬಂದರೂ ಎರಡು ಕನ್ನಡಕ, ಒಂದು ಭೂತಗನ್ನಡಿ, ಅರ್ಧ ಗಂಟೆ ಹೂಂಕಾರ. ಆಮೇಲೆ ತೀರ್ಪು.

ಅದಕ್ಕೇ ಕಾರ್ಯದರ್ಶಿ ಲೋಕದಲ್ಲಿಲ್ಲದ ವಾಲ್ವೊಂದನ್ನು ಮಾಡಿಸಿದ್ದ. ಪ್ರಯೋಗಾಲಯಗಳಿಗೆ ಗಾಜಿನ ಕೊಳವೆ ಊದಿಕೊಡುತ್ತಿದ್ದ ಹೆಂಡತಿಯ ತಮ್ಮನಿಗೆ ಹೇಳಿದ್ದು ಇಷ್ಟೇ: “ಎಲ್ಲೂ ಇರಬಾರದು. ನೋಡಿದರೆ ಎಲ್ಲೋ ಇದೆ ಅನ್ನಿಸಬೇಕು.” ತಿಂಗಳೊಳಗೆ ಬಂತು. ನೀಲಿ ಛಾಯೆಯ ಗಾಜು, ಐದು ಕಾಲು, ಪಕ್ಕೆಯಿಂದ ಹೊರಟ ಗಿಡ್ಡ ಲೋಹದ ಕೊಂಬು. ಅಕ್ಷರವಿಲ್ಲ, ಅಂಕಿಯಿಲ್ಲ. ಮೇಲೊಂದಿಷ್ಟು ಧೂಳು ಕೂಡ! “ಭೇಷ್ ಕಣೋ!” ಎಂದು ಬೆನ್ನು ತಟ್ಟಿದಾಗ ಆತ ನೆಲ ನೋಡಿದ್ದ. ಪಾಪ, ವಿನಯ ಎಂದುಕೊಂಡಿದ್ದ ಕಾರ್ಯದರ್ಶಿ.

ಈಗ ಅದೇ ವಿನಯವನ್ನು ತಾನೂ ತಂದುಕೊಂಡು ಹೇಳಿದ, “ತಮ್ಮ ಮುಂದೆ ನಾನು ಎಷ್ಟರವನು ಬಿಡಿ.”

“ಕೈಗೆ ತಗೊಂಡು ನೋಡಿ. ಏನೂ ನೆನಪಾಗಲ್ವಾ?”

“ಊಹೂಂ. ತಾವೇ ಅಪ್ಪಣೆ ಕೊಡಿಸಬೇಕು.”

ಅಧ್ಯಕ್ಷರು ಮೂರನೆಯ ಸಲವೂ ಕೇಳಿದರು. ಕಾರ್ಯದರ್ಶಿ ಸದಸ್ಯರ ಕಡೆ ಕಣ್ಣು ಹೊಡೆದ.

ಅಧ್ಯಕ್ಷರು ಅವತ್ತು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಪದ್ಯದ ಕೊನೆಯ ಸಾಲಿಗೆ ಮುಂಚೆ ತೆಗೆದುಕೊಳ್ಳುವಂತೆ ಒಮ್ಮೆ ಉಸಿರು ತೆಗೆದುಕೊಂಡು ಹೇಳಿದರು: “ಹಡಗಿನ ರೇಡಿಯೋದ್ದು. ಕೆ ನಲವತ್ತೊಂದು. ಕ್ರಮಸಂಖ್ಯೆ ಹದಿನೇಳು.”

“ಕ್ರಮಸಂಖ್ಯೆ ಬೇರೆ!” ಕಾರ್ಯದರ್ಶಿ ಎದ್ದು ನಿಂತ. “ಮಹನೀಯರೇ, ಈ ಬುರುಡೆ ಹುಟ್ಟಿ ಎರಡು ತಿಂಗಳೂ ಆಗಿಲ್ಲ. ಊದಿದವನು ಅಗೋ, ಬಾಗಿಲ ಹತ್ತಿರ ನಿಂತಿದ್ದಾನೆ, ನನ್ನ ಭಾವಮೈದ. ಹಡಗಂತೆ ಹಡಗು! ಇಡಿ ಸ್ವಾಮಿ ಕೀಲಿಕೈ.”

“ಅದರ ಮೇಲೆ ಉಸಿರು ಬಿಡಿ,” ಎಂದರು ಅಧ್ಯಕ್ಷರು.

“ಏನು?”

“ಗಾಜಿನ ಮೇಲೆ. ನಿಮಗೆ ತಿಳಿಯದ್ದೇ?”

ಅಳಿಸಿಹೋದ ಅಚ್ಚು ಬಾಯಿಯ ಹಬೆಗೆ ಮತ್ತೆ ಮೂಡುತ್ತದೆ ಎಂಬುದು ಈ ಹವ್ಯಾಸದ ಮೊದಲ ಪಾಠ. ಆದರೆ ನಕಲಿ ಎಂದು ಖಚಿತವಾಗಿ ಗೊತ್ತಿರುವ ವಸ್ತುವಿಗೆ ಯಾರು ಉಸಿರು ದಂಡ ಮಾಡುತ್ತಾರೆ? ಕಾರ್ಯದರ್ಶಿ ನಗುತ್ತಲೇ ‘ಹಾ’ ಎಂದ. ಹಬೆ ಕೂತಿತು. ಹಬೆಯೊಳಗಿಂದ ಕೆ ಬಂತು. ನಲವತ್ತೊಂದು ಬಂತು. ಹದಿನೇಳು ಬಂದಾಗ ನಗು ಇರಲಿಲ್ಲ.

“ಭಾವ,” ಎಂದಿತು ಬಾಗಿಲ ಬಳಿಯ ಧ್ವನಿ. “ಗಾಜು ಊದೋಕೆ ನನಗೆ ಬರುತ್ತೆ. ಒಳಗಿನ ತಂತಿ, ಜಾಲರಿ ಎಲ್ಲಾ ಬರಲ್ಲ. ನಿಮ್ಮ ಹತ್ರ ಹೇಳೋಕೆ ಭಯ. ಈ ಅಧ್ಯಕ್ಷರನ್ನೇ ಹೋಗಿ ಕೇಳ್ದೆ. ‘ಇದನ್ನ ಕೊಟ್ಟು ನೋಡು’ ಅಂದ್ರು.”

ಅಧ್ಯಕ್ಷರು ಬೀರು ತೆರೆದರು. ಮೂರನೆಯ ಸಾಲಿನಲ್ಲಿ ಒಂದು ಗೂಡು ಖಾಲಿಯಿತ್ತು. ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಕಾರ್ಯದರ್ಶಿಯ ತಂದೆಯ ಗುಂಡನೆಯ ಅಕ್ಷರ:

‘ಮಗ ನನ್ನ ತೊಡೆಯ ಮೇಲೆ ಕೂತು ಇದರ ಕೊಂಬು ಹಿಡಿದು ಆಡುತ್ತಿದ್ದ. ಅವನು ಇದನ್ನು ಗುರುತಿಸಿದ ದಿನ ಕೀಲಿಕೈ ಅವನಿಗೆ.’